ಪಾಲಿಗೆ ಬಿಟ್ಟ ಮರ



ಶ್ರೀರಂಗಪಟ್ಟಣದಿಂದ ಹೊರಟು ಲೋಕಪಾವನಿ ದಾಟಿ ಕರಿಘಟ್ಟದ ಶ್ರೀನಿವಾಸನ ದರ್ಶನಕ್ಕೆ ಹೋಗುವವರಿಗೆ, ಅಲ್ಲಿಂದ ಮುಂದೆ ಪಾಂಡವಪುರ, ನಾಗಮಂಗಲದ ಕಡೆ ತಿರುಗಾಡುವವರಿಗೆ ಈಚೆಗೆ ಒಂದು ಬಗೆಯ ಜಾಹೀರಾತು ಕಣ್ಣಿಗೆ ಬೀಳುತ್ತದೆ. ಹತ್ತು ಗುಂಟೆ ಜಮೀನು ನಿಮ್ಮ ಹೆಸರಿಗೆ, ಶ್ರೀಗಂಧದ ಸಸಿ ನಮ್ಮದು, ಬೇಲಿ ನಮ್ಮದು, ಹನಿ ನೀರಾವರಿ ನಮ್ಮದು, ಕಾವಲೂ ನಮ್ಮದು, ನೀವು ಊರಲ್ಲಿ ಹಾಯಾಗಿರಿ. ಗಂಧ ಇಲ್ಲದಿದ್ದರೆ ಮಹಾಗನಿ, ಅದೂ ಇಲ್ಲದಿದ್ದರೆ ಹೆಬ್ಬೇವು. ಕೊನೆಯಲ್ಲಿ ಒಂದು ಸಾಲು: ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಜನರ ಇನ್‌ಕಂ ಟ್ಯಾಕ್ಸ್ ಲೆಕ್ಕ ಬರೆದು ಹೊಟ್ಟೆ ಹೊರೆಯುವ ನಾನು ಮೊದಲು ಓದುವುದೇ ಆ ಸಾಲನ್ನು. ನನ್ನ ಹತ್ತಿರ ಸಲಹೆಗೆ ಬರುವವರು ಓದುವುದೂ ಅದನ್ನೇ. ಮರ ಯಾವುದು, ಮಣ್ಣು ಎಂಥದು, ಬೋರ್‌ವೆಲ್‌ನಲ್ಲಿ ನೀರು ಎಷ್ಟಿದೆ ಎಂದು ಕೇಳಿದವರು ಕಡಿಮೆ. ಇವತ್ತಿನ ಮಾತು ಇದರ ಮೇಲೆಯೇ.

ಒಬ್ಬರ ದುಡ್ಡು, ಇನ್ನೊಬ್ಬರ ದುಡಿಮೆ, ಬಂದದ್ದರಲ್ಲಿ ಪಾಲು ಅನ್ನುವುದು ನಮಗೆ ಹೊಸದಲ್ಲ. ನಾಗಮಂಗಲದ ಬೆದ್ದಲು ಸೀಮೆಯಲ್ಲಿ ಕಡಸನ್ನು ಪಾಲಿಗೆ ಬಿಡುವುದುಂಟು, ಕುರಿಯನ್ನು ಪಾಲಿಗೆ ಮೇಯಿಸುವುದುಂಟು. ಬಿಟ್ಟವನ ಹೊಣೆ ಕಡಸಿನ ಬೆಲೆಗೆ ಮುಗಿಯಿತು. ಮೇವು, ನೀರು, ಆರೈಕೆ ಸಾಕುವವನದು. ಈದಾಗ ಬೆಲೆ ಕಟ್ಟಿ ಹಂಚಿಕೊಳ್ಳುತ್ತಾರೆ. ಪತ್ರ ಇಲ್ಲ, ಸಾಕ್ಷಿ ಇಲ್ಲ. ಆದರೆ ಕಡಸು ಬಿಟ್ಟವನು ಸಂತೆಗೆ ಹೋಗುವಾಗಲೋ ಹಬ್ಬಕ್ಕೆ ಬಂದಾಗಲೋ ಅದರ ಮೈ ಸವರಿ ಬರುತ್ತಾನೆ. ‘ಏನಣ್ಣ, ಪಕ್ಕೆ ಕಾಣ್ತಾವಲ್ಲ, ಹಿಂಡಿ ಹಾಕ್ತಾ ಇಲ್ವಾ?’ ಅಂತ ಅಂಗಳದಲ್ಲೇ ಕೇಳುತ್ತಾನೆ.

ಇದನ್ನೇ ಕಾಗದದ ಮೇಲೆ ತಂದು ಅಮೆರಿಕದವರು ಲಿಮಿಟೆಡ್ ಪಾರ್ಟ್‌ನರ್‌ಶಿಪ್ ಎಂದು ಕರೆದರು. ವ್ಯವಹಾರ ನಡೆಸುವ ಪಾಲುದಾರ ಒಬ್ಬ. ಉಳಿದವರು ದುಡ್ಡು ಹಾಕಿ ಸುಮ್ಮನಿರುವವರು, ಅವರ ಹೊಣೆ ಹಾಕಿದ ಹಣಕ್ಕೆ ಸೀಮಿತ. 1982ರಿಂದ 1986ರವರೆಗೆ ಅಲ್ಲಿ ವೈಯಕ್ತಿಕ ತೆರಿಗೆಯ ಮೇಲಿನ ದರ ನೂರಕ್ಕೆ 50 ಇತ್ತು. ಡಾಕ್ಟರು, ಪೈಲಟ್ಟು, ಹಲ್ಲಿನ ವೈದ್ಯ ಇಂಥವರು ಸಾಲು ಸಾಲಾಗಿ ಬೇಸಾಯದ ಪಾಲುದಾರರಾದರು. ಬೇಸಾಯದ ಆಸೆಯಿಂದ ಅಲ್ಲ, ನಷ್ಟದ ಆಸೆಯಿಂದ. ಮುಂದಿನ ವರ್ಷದ ಗೊಬ್ಬರ, ಬೀಜ, ಮೇವು, ಸಂಶೋಧನೆ ಎಲ್ಲದರ ಖರ್ಚನ್ನೂ ಡಿಸೆಂಬರ್ ತಿಂಗಳಲ್ಲೇ ಬರೆದು, ಕೈಯಿಂದ ಹಾಕಿದ್ದಕ್ಕೆ ಪ್ರಾಮಿಸರಿ ನೋಟಿನ ಸಾಲವನ್ನೂ ಸೇರಿಸಿ ನಷ್ಟ ತೋರಿಸಿದರೆ, ಅದು ಅವರ ಸಂಬಳದಲ್ಲಿ ಕಳೆಯುತ್ತಿತ್ತು.

ಹೊಹೊಬಾ ಎಂಬ ಮರುಭೂಮಿಯ ಪೊದೆಗಿಡವೊಂದಿದೆ. ಅದರ ಬೀಜದ ಎಣ್ಣೆ ಸೌಂದರ್ಯ ಸಾಮಗ್ರಿಗೆ ಬೇಕು. ಆ ಗಿಡದ ಹೆಸರಲ್ಲಿ ಎಷ್ಟೋ ಪಾಲುದಾರಿಕೆಗಳು ಹುಟ್ಟಿದವು. ಯೂಟಾ ಹೊಹೊಬಾ ಎಂಬ ಒಂದು ಕೂಟ 1982ರಲ್ಲಿ ಸಂಶೋಧನೆಯ ಖರ್ಚೆಂದು ಬರೆದದ್ದನ್ನು ಅಲ್ಲಿನ ತೆರಿಗೆ ನ್ಯಾಯಾಲಯ ತಳ್ಳಿಹಾಕಿದ್ದು 1998ರಲ್ಲಿ. ಹದಿನಾರು ವರ್ಷ! ಅಷ್ಟರಲ್ಲಿ ಬಡ್ಡಿ ಅಸಲನ್ನು ಮೀರಿತ್ತು. ಅದರಲ್ಲೂ ಒಂದು ತೊಡಕು. 1982ರ ಕಾನೂನಿನ ಪ್ರಕಾರ ತಕರಾರು ನಡೆಯುತ್ತಿದ್ದದ್ದು ಪಾಲುದಾರಿಕೆಯ ಮಟ್ಟದಲ್ಲಿ. ಪಾಲುದಾರರೆಲ್ಲರ ಪರವಾಗಿ ಮಾತಾಡಲು ಒಬ್ಬ ಮುಖಂಡ. ಉಳಿದವರಿಗೆ ಕಾಗದ ಬರುತ್ತಿತ್ತು, ಮಾತಿಗೆ ಅವಕಾಶ ಕಡಿಮೆ ಇತ್ತು. ಕ್ಯಾಲಿಫೋರ್ನಿಯಾದ ಆಮ್‌ಕಾರ್ ಎಂಬ ಕಂಪನಿ 80ರ ದಶಕದ ನಡುವಿನಲ್ಲಿ ಕಟ್ಟಿದ ಬೇಸಾಯದ ಪಾಲುದಾರಿಕೆಗಳ ದಂಡದ ಬಡ್ಡಿಯ ವ್ಯಾಜ್ಯ 2010ರಲ್ಲೂ ಮೇಲಿನ ಕೋರ್ಟುಗಳಲ್ಲಿ ನಡೆಯುತ್ತಿತ್ತು. ಹಣ ಹಾಕಿದಾಗ ಮೀಸೆ ಕಪ್ಪಗಿದ್ದವರು ಆ ಹೊತ್ತಿಗೆ ಪಿಂಚಣಿ ಎಣಿಸುತ್ತಿದ್ದರು.

ಹೋಯ್ಟ್ ಎಂಬ ಮನೆತನದವನ ದನದ ಪಾಲುದಾರಿಕೆಗಳ ಕತೆಯನ್ನಂತೂ ನಮ್ಮ ಕಡಸಿನ ಯಜಮಾನ ಕೇಳಿದರೆ ನಕ್ಕಾನು. ಸಾವಿರಾರು ಜನ ತಳಿ ದನಗಳಿಗೆ ದುಡ್ಡು ಕೊಟ್ಟರು, ಸವಕಳಿ ಬರೆದರು, ತೆರಿಗೆ ಉಳಿಸಿದರು. ಎಣಿಸಿ ನೋಡಿದಾಗ ಪುಸ್ತಕದಲ್ಲಿದ್ದಷ್ಟು ದನ ಕೊಟ್ಟಿಗೆಯಲ್ಲಿ ಇರಲಿಲ್ಲ. ನಡೆಸಿದವನ ಅಪರಾಧ 2001ರಲ್ಲಿ ಸಾಬೀತಾಯಿತು. ದುಡ್ಡು ಹಾಕಿದವರಲ್ಲಿ ಎಷ್ಟು ಜನ ಒಮ್ಮೆಯಾದರೂ ದನದ ಮೈ ಸವರಿದ್ದರೋ! ಅಮೆರಿಕ ಸರ್ಕಾರ 1986ರಲ್ಲಿ ಕಾನೂನು ತಿದ್ದಿ, ತಾನು ದುಡಿಯದ ವ್ಯವಹಾರದ ನಷ್ಟವನ್ನು ಸಂಬಳದಲ್ಲಿ ಕಳೆಯಲು ಬಿಡಲಿಲ್ಲ. ಅಲ್ಲಿಗೆ ಆ ಸಂತೆ ಚದುರಿತು.

ನಮ್ಮ ದೇಶದಲ್ಲಿ ಲೆಕ್ಕ ತಿರುವುಮುರುವು. ಇಲ್ಲಿ ಬೇಸಾಯದ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ. 1886ರ ಕಾಯಿದೆಯಿಂದ ಬಂದ ರೂಢಿ ಇದು. ಸಂವಿಧಾನದಲ್ಲಿ ಕೃಷಿ ಆದಾಯ ರಾಜ್ಯಗಳ ಪಟ್ಟಿಗೆ ಸೇರಿದೆ. ನಮ್ಮ ರಾಜ್ಯ 1957ರಲ್ಲಿ ಕೃಷಿ ಆದಾಯ ತೆರಿಗೆಯ ಕಾಯಿದೆಯನ್ನೇ ಮಾಡಿತ್ತು, ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಹಿರಿಯರಿಗೆ ಅದು ಗೊತ್ತು. ಆದಾಯಕ್ಕೆ ತೆರಿಗೆ ಇಲ್ಲದ ಕಡೆ ನಷ್ಟಕ್ಕೂ ಬೆಲೆ ಇಲ್ಲ. ರಾಗಿ ಒಣಗಿ ಲಕ್ಷ ರೂಪಾಯಿ ಹೋದರೂ ಅದನ್ನು ಸಂಬಳದಲ್ಲಿ ಕಳೆಯುವಂತಿಲ್ಲ. ಆದ್ದರಿಂದ ಇಲ್ಲಿನ ವ್ಯಾಪಾರಿ ನಷ್ಟ ಮಾರುವುದಿಲ್ಲ, ವಿನಾಯಿತಿ ಮಾರುತ್ತಾನೆ. ಅಲ್ಲಿ ಬೆಳೆ ಬರದಿದ್ದರೆ ಲಾಭ, ಇಲ್ಲಿ ಬೆಳೆ ಬಂದಂತೆ ಕಂಡರೆ ಲಾಭ. ಎರಡೂ ಕಡೆ ಕೊಳ್ಳುವವನ ಕಣ್ಣು ಮಾತ್ರ ಹೊಲದ ಮೇಲಿರುವುದಿಲ್ಲ.

ವಿನಾಯಿತಿ ಪಾಲುದಾರನವರೆಗೆ ಹರಿದು ಬರುತ್ತದೆಯೇ? ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಒಟ್ಟಿಗಿಟ್ಟು ನೋಡಬೇಕು. ಬಾಚಾ ಗುಜ್ದಾರ್ ಎಂಬ ಮಹಿಳೆ ಟೀ ಕಂಪನಿಗಳ ಷೇರುದಾರರು. ಟೀ ಆದಾಯದಲ್ಲಿ ನೂರಕ್ಕೆ 60 ಭಾಗ ಕೃಷಿಯದು, 40 ಭಾಗ ಕಾರ್ಖಾನೆಯದು ಎಂದು ನಿಯಮ. ಹಾಗಾದರೆ ನನ್ನ ಡಿವಿಡೆಂಡಿನಲ್ಲೂ 60 ಭಾಗ ಕೃಷಿಯದೇ ಅಲ್ಲವೇ ಎಂದರು ಆಕೆ. ಅಲ್ಲ ಎಂದಿತು ಕೋರ್ಟು, 1954ರಲ್ಲಿ. ತೋಟ ಕಂಪನಿಯದು, ನಿಮ್ಮದು ಷೇರು ಮಾತ್ರ. ನಿಮಗೂ ನೆಲಕ್ಕೂ ನೇರ ನಂಟಿಲ್ಲ. ಮುಂದೆ ಚಿದಂಬರಂ ಪಿಳ್ಳೈ ಪ್ರಕರಣ ಬಂತು. ಅಲ್ಲಿದ್ದದ್ದು ಟೀ ತೋಟದ ಪಾಲುದಾರಿಕೆ ಸಂಸ್ಥೆ. ಪಾಲುದಾರನಿಗೆ ಸಂಸ್ಥೆ ಕೊಡುವ ಸಂಬಳವೂ ಲಾಭದ ಒಂದು ರೂಪವೇ, ಅದರಲ್ಲೂ 60 ಭಾಗ ಕೃಷಿ ಆದಾಯವೇ ಎಂದು ಕೋರ್ಟು ಒಪ್ಪಿತು. ಅದೇ ಟೀ, ಅದೇ ಗುಡ್ಡ. ಕಂಪನಿ ಎಂದರೆ ಬೇರೆ ನ್ಯಾಯ, ಪಾಲುದಾರಿಕೆ ಎಂದರೆ ಬೇರೆ ನ್ಯಾಯ. ಸೀಮಿತ ಹೊಣೆಯ ಪಾಲುದಾರಿಕೆಗೆ ಕಾನೂನಿನ ರೂಪ ಬಂದದ್ದು 2008ರ ಕಾಯಿದೆಯಿಂದ. ಎಲ್‌ಎಲ್‌ಪಿ ಎಂಬ ಮೂರಕ್ಷರ ಹೊತ್ತ ಕೃಷಿ ಸಂಸ್ಥೆಗಳು ಈಗ ಯಾಕೆ ಕಾಣುತ್ತಿವೆ ಎಂಬುದಕ್ಕೆ ಇದೂ ಒಂದು ಉತ್ತರ.

ಇನ್ನೊಂದು ಉತ್ತರ ಬಹಳ ಜನಕ್ಕೆ ತಿಳಿಯದ್ದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅನ್ನುವುದು ಅರ್ಧ ಸತ್ಯ. ಕೆ.ಎನ್. ರಾಜ್ ಸಮಿತಿಯ ವರದಿ ಬಂದ ಮೇಲೆ, 1973ರಿಂದ, ವ್ಯಕ್ತಿಗಳ ಕೃಷಿ ಆದಾಯವನ್ನು ದರದ ಲೆಕ್ಕಕ್ಕೆ ಮಾತ್ರ ಸೇರಿಸುತ್ತಾರೆ, ಈಗಿನ ಮಿತಿಯಲ್ಲಿ ಅದು 5,000 ರೂಪಾಯಿ ದಾಟಿದರೆ. ಕಾಗದ ಪೆನ್ನು ಇದ್ದರೆ ಬರೆದುಕೊಳ್ಳಿ. ಹಳೆಯ ಪದ್ಧತಿಯ ದರದಲ್ಲಿ ಒಬ್ಬರಿಗೆ ಕಳೆಯುವುದೆಲ್ಲ ಕಳೆದು 8 ಲಕ್ಷ ಸಂಬಳ, 4 ಲಕ್ಷ ಕೃಷಿ ಆದಾಯ. ಸಂಬಳ ಒಂದಕ್ಕೇ ಆದರೆ ತೆರಿಗೆ 72,500. ಈಗ 12 ಲಕ್ಷಕ್ಕೆ ತೆರಿಗೆ ಹಾಕಿ: 1,72,500. ಅದರಿಂದ 4 ಲಕ್ಷ ಮತ್ತು 2.5 ಲಕ್ಷ ಸೇರಿದ ಆರೂವರೆ ಲಕ್ಷದ ತೆರಿಗೆ 42,500 ಕಳೆಯಿರಿ. ಉಳಿಯಿತು 1,30,000. ಅಂದರೆ ತೆರಿಗೆಯೇ ಇಲ್ಲದ 4 ಲಕ್ಷದಿಂದಾಗಿ 57,500 ಹೆಚ್ಚು ಕಟ್ಟಬೇಕಾಯಿತು, ಸೆಸ್ ಬೇರೆ. ಈ ಸೇರಿಸುವ ಲೆಕ್ಕ ಕಂಪನಿಗೂ ಪಾಲುದಾರಿಕೆ ಸಂಸ್ಥೆಗೂ ಇಲ್ಲ. ಜಾಹೀರಾತಿನಲ್ಲಿ ತೆರಿಗೆ ಇಲ್ಲ ಎಂಬ ಸಾಲು ಇರುತ್ತದೆ, ಈ ಲೆಕ್ಕ ಇರುವುದಿಲ್ಲ. ಮೇಷ್ಟರೊಬ್ಬರಿಗೆ ಇದನ್ನು ಬಿಡಿಸಿ ಹೇಳಿದಾಗ ‘ಹಂಗಾದ್ರೆ ಇಲ್ಲ ಅಂದಿದ್ಯಾಕೆ ಸಾರ್?’ ಅಂದರು. ನ್ಯಾಯವಾದ ಪ್ರಶ್ನೆಯೇ.

ನಮ್ಮ ಸೀಮೆಯಲ್ಲಿ ಪಾಲಿಗೆ ಮರ ಬಿಡುವ ಹುಚ್ಚು ಹಬ್ಬಿದ್ದು 1990ರ ದಶಕದಲ್ಲಿ, ತೇಗದ ಹೆಸರಿನಲ್ಲಿ. ಟಿ.ವಿ.ಯಲ್ಲಿ ಜಾಹೀರಾತು, ಪೇಟೆಯಲ್ಲಿ ಏಜೆಂಟರು. ಸಂಬಳದವರಿಗೆ ಇಲ್ಲಿ ಜಮೀನು ಕೊಳ್ಳುವುದೂ ಆಗ ಸುಲಭವಿರಲಿಲ್ಲ. ಭೂ ಸುಧಾರಣಾ ಕಾಯಿದೆಯ 79ಎ ಕಲಮಿನಲ್ಲಿ ಕೃಷಿಯೇತರ ಆದಾಯಕ್ಕೆ ಮಿತಿ ಇತ್ತು. 2015ರವರೆಗೆ ಅದು 2 ಲಕ್ಷ, ಆಮೇಲೆ 25 ಲಕ್ಷ. 79ಬಿ ಕಲಂ ಕಂಪನಿಗಳನ್ನೇ ದೂರ ಇಟ್ಟಿತ್ತು. 1974ರ ಮಾರ್ಚ್ ಒಂದರಿಂದ ಗೇಣಿಯೂ ನಿಂತಿತ್ತು. ಜಮೀನು ಬೇಕು, ಜಮೀನುದಾರ ಆಗುವಂತಿಲ್ಲ ಎನ್ನುವವರಿಗೆ ಎಲ್ಲೋ ದೂರದ ರಾಜ್ಯದ ಸರ್ವೆ ನಂಬರಿನ ಮೇಲಿನ ಮರ ಹಿತವಾಗಿ ಕಂಡಿತು.

ಅಂಥ ಮರದ ಲೆಕ್ಕದಲ್ಲಿ ಕಂಪನಿ ಕೊಟ್ಟ ಬಾಂಡೊಂದನ್ನು ಕಕ್ಷಿದಾರರೊಬ್ಬರು ನನಗೆ ತೋರಿಸಿದ್ದರು. ನೋಟಿನ ಹಾಗೆ ಸುತ್ತ ಬಳ್ಳಿಯ ಅಂಚು, ನಡುವೆ ತಿಳಿ ಹಸಿರಿನಲ್ಲಿ ತೇಗದ ಮರ, ಕೆಳಗೆ ಯೂನಿಟ್ಟಿನ ಸಂಖ್ಯೆ. ಹಿಂಬದಿಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಷರತ್ತು: ಮರ ಸತ್ತರೆ ಬದಲಿ ಮರ, ಬದಲಿಯನ್ನು ಆರಿಸುವ ಹಕ್ಕು ಕಂಪನಿಯದು, ಇಳುವರಿ ಅಂದಾಜು ಮಾತ್ರ. ಇಪ್ಪತ್ತು ವರ್ಷದ ಮೇಲೆ ಬರುವ ಮೊತ್ತ ಮಾತ್ರ ಮುಂಬದಿಯಲ್ಲಿ ದಪ್ಪಗೆ. ಜಮೀನಿನ ಪಹಣಿಯಾಗಲಿ, ನಕಾಶೆಯಾಗಲಿ, ಊರಿನ ಹೆಸರಾಗಲಿ ಎಲ್ಲೂ ಇಲ್ಲ. ಬಟ್ಟೆ ಹಾಳೆಯ ಲಕೋಟೆಯಲ್ಲಿ ಇಟ್ಟು ಜೋಪಾನ ಮಾಡಿದ್ದರು ಅವರು. ಮಗಳ ಮದುವೆಗೆಂದು ಕೊಂಡದ್ದಂತೆ.

ಅರಣ್ಯ ಇಲಾಖೆಯ ಯಾವ ಗಾರ್ಡನ್ನು ಕೇಳಿದ್ದರೂ ತೇಗದ ವಿಷಯ ಹೇಳುತ್ತಿದ್ದ. ನಿಲಂಬೂರಿನಲ್ಲಿ 1840ರ ದಶಕದಲ್ಲಿ ನೆಟ್ಟ ತೇಗ ಇವತ್ತಿಗೂ ನಿಂತಿದೆ. ನಮ್ಮ ಅರಣ್ಯದ ತೇಗವನ್ನು ಐವತ್ತು ಅರವತ್ತು ವರ್ಷ ಬೆಳೆಸಿ ಕಡಿಯುತ್ತಾರೆ. ನೀರು ಗೊಬ್ಬರ ಉಣಿಸಿದರೆ ಇಪ್ಪತ್ತು ವರ್ಷದಲ್ಲಿ ಮರ ಎತ್ತರವಾದೀತು, ಚೇಗು ತೆಳ್ಳಗೆ, ಹೊರಗಿನ ಬಿಳಿ ಭಾಗವೇ ಹೆಚ್ಚು. ಬೇರಿನಲ್ಲಿ ನೀರು ನಿಂತರೆ ತೇಗಕ್ಕೆ ಆಗದು. ವಿಶ್ವೇಶ್ವರಯ್ಯ ನಾಲೆಯ ಬಯಲಿನ ಜಿಗುಟು ಮಣ್ಣಿನಲ್ಲಿ ಬದುವಿಗೆ ನೆಟ್ಟ ತೇಗವೇ ಮೇಲು, ಗದ್ದೆಗೆ ನೆಟ್ಟದ್ದಲ್ಲ. ಇದನ್ನು ಬಾಂಡು ಕೊಂಡವರು ಕೇಳಲಿಲ್ಲ, ಮಾರಿದವರು ಹೇಳಲಿಲ್ಲ.

1997ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಇಂಥ ತೋಟದ ಬಾಂಡುಗಳೆಲ್ಲ ಷೇರುಪೇಟೆಯ ನಿಯಂತ್ರಕ ಸೆಬಿಯ ಹತೋಟಿಗೆ ಬರುತ್ತವೆ ಎಂದು ಪ್ರಕಟಿಸಿತು. ಮರುವರ್ಷವೇ ಚೆನ್ನೈನ ಅನುಭವ್ ಪ್ಲಾಂಟೇಶನ್ಸ್ ಕುಸಿಯಿತು. 1999ರಲ್ಲಿ ಸಾಮೂಹಿಕ ಹೂಡಿಕೆ ಯೋಜನೆಗಳ ನಿಯಮ ಬಂತು. ಕಾನೂನಿನ ನಾಲ್ಕು ಒರೆಗಲ್ಲು ಸರಳ: ಹಲವರ ಹಣ ಒಂದೆಡೆ ಸೇರಿದೆಯೇ, ಲಾಭಕ್ಕೆಂದು ಸೇರಿದೆಯೇ, ಅವರ ಪರವಾಗಿ ಇನ್ನೊಬ್ಬರು ನೋಡಿಕೊಳ್ಳುತ್ತಾರೆಯೇ, ದಿನನಿತ್ಯದ ಆಡಳಿತ ಹಣ ಹಾಕಿದವರ ಕೈಯಲ್ಲಿ ಇಲ್ಲವೇ? ನಾಲ್ಕಕ್ಕೂ ಹೌದು ಎಂದಾದರೆ ಸೆಬಿಯ ನೋಂದಣಿ ಬೇಕು. ‘ನಾವು ಹಣ ಎತ್ತುವುದಿಲ್ಲ, ಜಮೀನು ಮಾರಿ ಅಭಿವೃದ್ಧಿ ಮಾಡಿಕೊಡುತ್ತೇವೆ ಅಷ್ಟೇ’ ಎಂದು ಪಿಜಿಎಫ್ ಕಂಪನಿ ಸುಪ್ರೀಂ ಕೋರ್ಟಿನವರೆಗೆ ವಾದಿಸಿತು. 2013ರಲ್ಲಿ ಕೋರ್ಟು ಒಪ್ಪಲಿಲ್ಲ. ಅದೇ ಬಳಗದ ಪಿಎಸಿಎಲ್ ಸುಮಾರು 5.85 ಕೋಟಿ ಜನರಿಂದ 49,100 ಕೋಟಿ ರೂಪಾಯಿ ಎತ್ತಿತ್ತು. ಜಮೀನು ಮಾರಿ ಹಣ ಹಿಂದಿರುಗಿಸಲು 2016ರಲ್ಲಿ ಕೋರ್ಟಿನ ಆದೇಶದಂತೆ ನ್ಯಾಯಮೂರ್ತಿ ಲೋಧಾ ಸಮಿತಿಯನ್ನು ಸೆಬಿ ರಚಿಸಿತು.

2020ರಲ್ಲಿ ನಮ್ಮ ರಾಜ್ಯ 79ಎ, 79ಬಿ ಎರಡನ್ನೂ ತೆಗೆದುಹಾಕಿತು. ಜಮೀನು ಈಗ ಯಾರು ಬೇಕಾದರೂ ಕೊಳ್ಳಬಹುದು. ಹಾಗಾಗಿ ಹೊಸ ತಲೆಮಾರಿನ ಯೋಜನೆಗಳಲ್ಲಿ ಕೈಗೆ ಸಿಗುವುದು ಬಾಂಡಲ್ಲ, ನೋಂದಾಯಿತ ಕ್ರಯಪತ್ರ. ಇದು ನಿಜವಾಗಿಯೂ ದೊಡ್ಡ ವ್ಯತ್ಯಾಸ, ನಾನು ಅಲ್ಲಗಳೆಯುವುದಿಲ್ಲ. ಮರ ಹೋದರೂ ಮಣ್ಣು ಉಳಿಯುತ್ತದೆ. ಆದರೆ ಕ್ರಯಪತ್ರದ ಜೊತೆಗೆ ಸಹಿ ಹಾಕಿಸಿಕೊಳ್ಳುವ ನಿರ್ವಹಣಾ ಒಪ್ಪಂದವನ್ನು ಆ ನಾಲ್ಕು ಒರೆಗಲ್ಲಿಗೆ ತಿಕ್ಕಿ ನೋಡಿದವರು ಎಷ್ಟು ಮಂದಿ?

ಶ್ರೀಗಂಧದ ವಿಷಯ ಬಂದಾಗ ಶ್ರೀರಂಗಪಟ್ಟಣದವರಿಗೆ ಹೇಳಬೇಕಾದದ್ದಿಲ್ಲ. ಟಿಪ್ಪು ಅದನ್ನು ರಾಜವೃಕ್ಷವೆಂದು ಸಾರಿದ್ದು 1792ರಲ್ಲಿ. ಅಂದಿನಿಂದ ಗಂಧ ಯಾರ ಹಿತ್ತಲಲ್ಲಿ ಹುಟ್ಟಿದರೂ ಒಡೆತನ ದೊರೆಯದು, ಆಮೇಲೆ ಸರ್ಕಾರದ್ದು. ಮನೆ ಮುಂದೆ ಗಂಧದ ಸಸಿ ಎದ್ದರೆ ಕಿತ್ತು ಬಿಸಾಡುತ್ತಿದ್ದ ರೈತರಿದ್ದರು, ತಂಟೆ ಯಾಕೆ ಎಂದು. 2001ರ ತಿದ್ದುಪಡಿ ಜಮೀನಿನ ಯಜಮಾನನನ್ನೇ ಮರದ ಯಜಮಾನನನ್ನಾಗಿ ಮಾಡಿತು. ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಈಗಲೂ ಬೇಕು. ಗಂಧ ಒಂಟಿಯಾಗಿ ಬದುಕುವ ಗಿಡವೂ ಅಲ್ಲ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಹೆಣೆದು ಆಹಾರ ಹೀರುತ್ತದೆ. ತೊಗರಿಯೋ ಸರ್ವೆಯೋ ಜೊತೆಗೆ ಇರಬೇಕು. ಚೇಗು ಕಟ್ಟಲು ಹದಿನೈದು ವರ್ಷವಾದರೂ ಬೇಕು. ಚೇಗು ಕಟ್ಟಿದ ಮೇಲೆ ಕಳ್ಳನ ಕಾಟ ಶುರು.

ಈ ನಮ್ಮ ಗಂಧವನ್ನೇ ಆಸ್ಟ್ರೇಲಿಯಾದ ಕುನುನುರಾದಲ್ಲಿ ಆರ್ಡ್ ನದಿಯ ನೀರು ಹಾಯಿಸಿ ಸಾವಿರಾರು ಎಕರೆ ಬೆಳೆದರು, ಹೂಡಿಕೆದಾರರ ದುಡ್ಡಿನಲ್ಲಿ. ನಡೆಸಿದ ಕ್ವಿಂಟಿಸ್ ಕಂಪನಿ 2018ರ ಜನವರಿಯಲ್ಲಿ ಸಾಲ ಕೊಟ್ಟವರ ಕೈಗೆ ಹೋಯಿತು. ಮರಗಳು ನಿಂತಿದ್ದವು, ಲೆಕ್ಕ ಮಲಗಿತು. ಆ ದೇಶದಲ್ಲಿ ಹೂಡಿದ ವರ್ಷವೇ ಪೂರ್ತಿ ಖರ್ಚು ಬರೆಯಬಹುದೇ ಎಂಬ ದೊಡ್ಡ ವ್ಯಾಜ್ಯವೂ ನಡೆಯಿತು. ಬಾದಾಮಿ ತೋಟದ ಒಂದು ಯೋಜನೆಯ ಹೂಡಿಕೆದಾರರು 2008ರ ಡಿಸೆಂಬರಿನಲ್ಲಿ ತೆರಿಗೆ ಇಲಾಖೆಯ ವಿರುದ್ಧ ಗೆದ್ದರು. ಮುಂದಿನ ಏಪ್ರಿಲ್, ಮೇ ತಿಂಗಳಲ್ಲಿ ಟಿಂಬರ್‌ಕಾರ್ಪ್, ಗ್ರೇಟ್ ಸದರ್ನ್ ಎಂಬ ಈ ವ್ಯಾಪಾರದ ಎರಡು ದೈತ್ಯ ಕಂಪನಿಗಳೇ ಮುಳುಗಿದವು.

ಇನ್ನು ನಮ್ಮ ಊರಿನ ತಕರಾರುಗಳು. ತೆರಿಗೆ ಅಧಿಕಾರಿ ಮೊದಲು ಕೇಳುವುದು, ನೆಲದ ಮೇಲೆ ಉಳುವುದು, ಬಿತ್ತುವುದು, ನೆಡುವುದು ನಡೆದಿದೆಯೇ ಎಂದು. 1957ರ ಸಹಸ್ ರಾಯ್ ತೀರ್ಪಿನಿಂದ ಬಂದ ಅಳತೆ ಅದು. ತಾನಾಗಿ ಬೆಳೆದದ್ದನ್ನು ಕಡಿದು ಮಾರಿದರೆ ಕೃಷಿಯಲ್ಲ. ನೆಟ್ಟು ಬೆಳೆಸಿದ ಗಂಧ, ತೇಗ ಕೃಷಿಯೇ. ಆಮೇಲೆ ಪಹಣಿ. 9ನೇ ಕಲಮಿನಲ್ಲಿ ಯಜಮಾನನ ಹೆಸರು, 11ರಲ್ಲಿ ಋಣಭಾರ, 12ರಲ್ಲಿ ಸಾಗುವಳಿದಾರ ಮತ್ತು ಬೆಳೆ. ರಿಟರ್ನಿನಲ್ಲಿ ಅಡಿಕೆ, ಪಹಣಿಯಲ್ಲಿ ಹುರುಳಿ ಇದ್ದರೆ ಎಂಥ ವಕೀಲನೂ ಬೆವರುತ್ತಾನೆ. ಮಂಡಿ ಚೀಟಿ, ಗೊಬ್ಬರದ ಬಿಲ್ಲು, ಕೂಲಿ ಲೆಕ್ಕ ಇವೆಲ್ಲ ಆಮೇಲಿನವು. ಇಲಾಖೆ ಯಾವಾಗಲೂ ಕೇಳುತ್ತದೆ ಎಂದಲ್ಲ. ಪರಿಶೀಲಿಸಿದ ಪ್ರಕರಣಗಳಲ್ಲಿ ಐದರಲ್ಲೊಂದಕ್ಕೂ ಹೆಚ್ಚಿನವುಗಳಲ್ಲಿ ಸರಿಯಾದ ದಾಖಲೆ ನೋಡದೆ ವಿನಾಯಿತಿ ಕೊಟ್ಟಿದ್ದಾರೆ ಎಂದು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 2022ರಲ್ಲಿ ಇಲಾಖೆಯನ್ನು ತರಾಟೆಗೆ ತೆಗೆದುಕೊಂಡಿತ್ತು. ಆಮೇಲೆ ನೋಟಿಸುಗಳು ಚುರುಕಾಗಿವೆ ಎಂಬುದು ನನ್ನಂಥವರ ಅನುಭವ.

ಆಲೆಮನೆಯವರಿಗೂ ಒಂದು ಮಾತು. ಕಬ್ಬು ಬೆಳೆದು ಮಾರಿದರೆ ಪೂರ್ತಿ ಕೃಷಿ ಆದಾಯ. ಬೆಳೆದದ್ದನ್ನು ಮಾರುಕಟ್ಟೆಗೆ ಒಯ್ಯುವಂತೆ ಮಾಡಲು ರೈತ ಸಾಮಾನ್ಯವಾಗಿ ಮಾಡುವ ಸಂಸ್ಕರಣೆಯೂ ಕೃಷಿಯೇ. ಆದರೆ ಕಬ್ಬಿಗೇ ಕೊಳ್ಳುವವರಿರುವ ಊರಿನಲ್ಲಿ ಅದನ್ನು ಬೆಲ್ಲ ಮಾಡಿದರೆ? ಮಂಡ್ಯದಲ್ಲಿ 1933ರಿಂದ ಮೈಷುಗರ್ ಇದೆ, ಪಾಂಡವಪುರದಲ್ಲಿ, ಕೆ.ಆರ್. ಪೇಟೆಯ ಮಾಕವಳ್ಳಿಯಲ್ಲಿ ಕಾರ್ಖಾನೆಗಳಿವೆ. ಇಲಾಖೆ ಇಷ್ಟನ್ನು ಹಿಡಿದು, ಕಬ್ಬಿನ ಮಾರುಕಟ್ಟೆ ಬೆಲೆಯಷ್ಟು ಕೃಷಿ, ಅದರ ಮೇಲಿನ ಬೆಲ್ಲದ ಲಾಭ ವ್ಯಾಪಾರ ಎನ್ನುತ್ತದೆ. ಕಾರ್ಖಾನೆ ನಿಂತ ವರ್ಷಗಳನ್ನು ಕಂಡ ಪಾಂಡವಪುರದ ರೈತ, ಕಬ್ಬು ಒಣಗುವುದನ್ನು ನೋಡಿಕೊಂಡು ಕೂರಬೇಕಿತ್ತೇ ಎಂದು ಕೇಳಿದರೆ ಆ ವಾದದಲ್ಲೂ ತಿರುಳಿದೆ. ಕಾರ್ಖಾನೆ ಮುಚ್ಚಿದ ತಿಂಗಳುಗಳ ಪತ್ರಿಕೆಯ ತುಣುಕು, ಕಟಾವು ಪರ್ಮಿಟ್ಟು ಸಿಗದ ದಾಖಲೆ ಇಟ್ಟುಕೊಂಡವರು ಆ ವಾದ ಗಟ್ಟಿಯಾಗಿ ಮಾಡಬಲ್ಲರು.

ಜಮೀನನ್ನು ಮಾರುವಾಗ ಇನ್ನೊಂದು ಗೆರೆ ಅಡ್ಡ ಬರುತ್ತದೆ. ಗ್ರಾಮಾಂತರ ಕೃಷಿ ಭೂಮಿಯ ಮಾರಾಟದ ಲಾಭಕ್ಕೆ ತೆರಿಗೆ ಇಲ್ಲ. ಹತ್ತು ಸಾವಿರದಿಂದ ಒಂದು ಲಕ್ಷ ಜನಸಂಖ್ಯೆಯ ಪಟ್ಟಣವಾದರೆ ಅದರ ಗಡಿಯಿಂದ 2 ಕಿ.ಮೀ. ಆಚೆ, ಹತ್ತು ಲಕ್ಷದವರೆಗಿನ ನಗರಕ್ಕೆ 6, ಅದಕ್ಕೂ ದೊಡ್ಡದಕ್ಕೆ 8 ಕಿ.ಮೀ. ಆಚೆ ಇರುವುದು ಗ್ರಾಮಾಂತರ. ಶ್ರೀರಂಗಪಟ್ಟಣ ಪುರಸಭೆಗೆ 2 ಕಿ.ಮೀ. ಲೆಕ್ಕ, ಅದೂ ರಸ್ತೆಯ ದೂರವಲ್ಲ, ಕಾಗೆ ಹಾರುವ ದೂರ. ಮೊದಲು ರಸ್ತೆ ಅಳೆಯಬೇಕೋ ನೇರ ಅಳೆಯಬೇಕೋ ಎಂದು ಎಷ್ಟೋ ಕೇಸುಗಳು ನಡೆದಿದ್ದವು. ಈಗ ಕಾನೂನೇ ನೇರ ಗೆರೆ ಎಂದಿದೆ. ಗಂಜಾಂನಿಂದ ಹೊಳೆಯ ಸೇತುವೆ ಸುತ್ತಿ ಬರುವ ದಾರಿ ಉದ್ದ, ಹೊಳೆಯ ಮೇಲಿಂದ ನೇರ ಅಳೆದರೆ ಗಿಡ್ಡ. ಕರಿಘಟ್ಟದ ಬುಡದ ಜಮೀನಿಗೆ ಮುಂಗಡ ಕೊಡುವ ಮೊದಲು ತಹಶೀಲ್ದಾರರಿಂದ ದೂರದ ದೃಢೀಕರಣ ಪತ್ರ ಪಡೆಯಿರಿ.

ಕೊನೆಯದಾಗಿ, ನಿರ್ವಹಣಾ ಕಂಪನಿ ಪ್ರತಿ ವರ್ಷ ಇಂತಿಷ್ಟು ಎಂದು ಕೊಡುವ ಖಚಿತ ಹಣದ ವಿಷಯ. ಗಂಧ ಚೇಗು ಕಟ್ಟುವುದಿರಲಿ, ಸಸಿ ಮೊಣಕಾಲುದ್ದ ಆಗುವ ಮೊದಲೇ ಆ ಹಣ ಬರಲು ಶುರುವಾಗುತ್ತದೆ. ಅದನ್ನು ಕೃಷಿ ಆದಾಯದ ಕಲಮಿನಲ್ಲಿ ಬರೆಯಿರಿ ಎಂದು ಬರುವವರಿಗೆ ನಾನು ಎರಡು ಕಾಗದ ಕೇಳುತ್ತೇನೆ: ಆ ವರ್ಷದ ಪಹಣಿಯ 12ನೇ ಕಲಂ, ಆ ಹತ್ತು ಗುಂಟೆಯಲ್ಲಿ ಬೆಳೆದು ಮಾರಿದ ಯಾವುದಾದರೂ ಒಂದು ಬೆಳೆಯ ಮಂಡಿ ಚೀಟಿ. ಈ ವರ್ಷ ಬಂದವರಲ್ಲಿ ಪಹಣಿ ತಂದವರಿದ್ದಾರೆ. ಮಂಡಿ ಚೀಟಿ ಇನ್ನೂ ಯಾರೂ ತಂದಿಲ್ಲ. ಅವರ ಹಣವನ್ನು ಇತರೆ ಆದಾಯವೆಂದು ಬರೆದು ತೆರಿಗೆ ಕಟ್ಟಿಸಿದ್ದೇನೆ.